ಜುಲೈನಲ್ಲಿ ಶ್ರೀಲಂಕಾ: ರದ್ದು ಬೇಡ, ಕರಾವಳಿ ಬದಲಿಸಿ

ಜುಲೈಗೆಂದು ನೀವು ಕೊಠಡಿ ಕಾಯ್ದಿರಿಸಿದ ದಕ್ಷಿಣ ಕರಾವಳಿಯ ಗಾಲೆ, ಮಿರಿಸ್ಸಾಗಳಲ್ಲಿ ಮಳೆಯ ಮುನ್ಸೂಚನೆ ಇದೆ, ಪ್ರವಾಸ ರದ್ದು ಮಾಡಲೇ ಎಂದು ಕೇಳಿದ್ದೀರಿ. ಆ ಮಳೆಗೆ ಕಾರಣ ನೈರುತ್ಯ ಮುಂಗಾರು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅದು ದ್ವೀಪದ ನೈರುತ್ಯ ಭಾಗವನ್ನು ತೋಯಿಸುತ್ತದೆ. ನಡುವಿನ ಬೆಟ್ಟಸಾಲು ಮೋಡಗಳನ್ನು ತಡೆಯುವುದರಿಂದ ಪೂರ್ವ ಕರಾವಳಿಯಲ್ಲಿ ಆಗ ಬಿಸಿಲು. ಆಗುಂಬೆ ನೆನೆಯುವಾಗ ಚಿತ್ರದುರ್ಗ ಒಣಗಿರುವ ಹಾಗೆ.

ಪ್ರವಾಸ ರದ್ದು ಮಾಡಬೇಡಿ. ಮೊದಲು ಕಡಲತೀರದ ಕೊಠಡಿಯನ್ನು ಪೂರ್ವ ಕರಾವಳಿಯ ಟ್ರಿಂಕೋಮಲಿಗೆ ಬದಲಿಸಿ. ದಾರಿಯಲ್ಲೇ ಬಂಡೆಕೋಟೆ ಸಿಗಿರಿಯಾ, ಹಳೆಯ ರಾಜಧಾನಿ ಪೊಲೊನ್ನರುವ ನೋಡಬಹುದು. ಟ್ರಿಂಕೋಮಲಿಯಲ್ಲೂ ಸಂಜೆಯ ಗುಡುಗುಮಳೆ ಬರುವುದೇ ಇಲ್ಲ ಎಂದು ಮಾತು ಕೊಡಲಾರೆ. ಬಂದರೂ ದಿನವಿಡೀ ಸುರಿಯುವುದು ಅಪರೂಪ. ನಡುವಿನ ಬೆಟ್ಟದ ಊರು ನುವಾರ ಎಲಿಯ ಬಿಡಲಾಗದಿದ್ದರೆ ಕೊಡೆ, ಸ್ವೆಟರ್ ಇಟ್ಟುಕೊಳ್ಳಿ. ಹೊರಡುವ ಹಿಂದಿನ ದಿನ ಅಲ್ಲಿನ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಭೂಕುಸಿತ ಎಚ್ಚರಿಕೆಯನ್ನು ತಪ್ಪದೆ ನೋಡಿ. ಎಚ್ಚರಿಕೆ ಇದ್ದರೆ ಬೆಟ್ಟ ಹತ್ತಲೇಬೇಡಿ, ನೇರ ಟ್ರಿಂಕೋಮಲಿಗೆ ಹೋಗಿ.