ಅಪ್ಪನ ಹಳೇ ಪದ್ಮಿನಿ ಕಾರು ನೀಲಿ ಹೊಗೆ ಬಿಡ್ತಿದೆ. ಬೋರ್ ಮಾಡಿಸಲಾ (ಸಿಲಿಂಡರ್ ಒಳಗೋಡೆ ಕೊರೆಸಲಾ), ಬೇರೆ ಎಂಜಿನ್ ಕೂರಿಸಲಾ?

ಸದ್ಯಕ್ಕೆ ಎರಡೂ ಬೇಡ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಒಂದು ಮೋಡದಷ್ಟು ಹೊಗೆ, ಆಮೇಲೆ ಏನೂ ಇಲ್ಲ, ಸಿಗ್ನಲ್‌ನಲ್ಲಿ ನಿಂತು ಹೊರಟರೆ ಮತ್ತೆ ಹೊಗೆ ಅಂತ ಬರೆದಿದ್ದೀರಲ್ವಾ? ನನ್ನ ಪದ್ಮಿನಿದೂ ಇದೇ ಕಥೆ.

ಮೈಸೂರಲ್ಲೇ ಒಂದು ಗ್ಯಾರೇಜಿಗೆ ಬಿಟ್ಟೆ. "ಆಯಿಲ್ ಉರೀತಿದೆ ಸಾರ್, ರಿಂಗ್ ಹೋಗಿದೆ, ಬೋರ್ ಮಾಡಿಸಿಬಿಡಿ" ಅಂದರು. ಆಯಿಲ್ ಉರೀತಿದ್ದದ್ದು ನಿಜ. ಪಿಸ್ಟನ್ ಸುತ್ತ ಇದ್ದು ಆಯಿಲ್ ಮೇಲೆ ಬರದಂತೆ ತಡೆಯುವ ಆ ರಿಂಗ್ ಹೋಗಿದೆಯಾ ಅಂತ ಮಾತ್ರ ಯಾರೂ ನೋಡಿರಲಿಲ್ಲ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಕೂಡ ಚೆಕ್ ಮಾಡಿಸದೆ ನಾನು ಹೂಂ ಅಂದುಬಿಟ್ಟೆ. ಬ್ಲಾಕ್ ಲೇತ್‌ಗೆ ಹೋಯ್ತು, ಓವರ್‌ಸೈಜ್ ಪಿಸ್ಟನ್ ಬಂತು. ಹೆಡ್‌ನ ಕಾರ್ಬನ್ ಕೆರೆದು, ವಾಲ್ವ್ ಗ್ರೈಂಡ್ ಮಾಡಿ ವಾಪಸ್ ಕೂರಿಸಿದರು.

ಎಡವಟ್ಟಾಗಿದ್ದು ಇಲ್ಲೇ. ಗ್ರೈಂಡ್ ಮಾಡಿದರೆ ವಾಲ್ವಿನ ತಲೆ ಸೀಟಿನ ಮೇಲೆ ಸರಿಯಾಗಿ ಕೂರುತ್ತೆ, ಅಷ್ಟೇ. ಅದರ ಕಡ್ಡಿ ಓಡಾಡುವ ಗೈಡ್ ಸವೆದಿದ್ದರೆ ಆ ಸಂದು ಹಾಗೇ ಇರುತ್ತೆ. ರಾಕರ್ (ವಾಲ್ವ್ ಒತ್ತುವ ತೋಳು) ಮೇಲಿನ ಆಯಿಲ್ ಸಿಲಿಂಡರಿಗೆ ಇಳಿಯೋದು ಆ ಸಂದಿನಲ್ಲೇ. ಹಳೇ ಪಿಸ್ಟನ್ ಇನ್ನೂ ನನ್ನ ಹತ್ತಿರ ಇದೆ, ಮೈಮೇಲೆ ಒಂದು ಗೆರೆ ಬಿದ್ದಿಲ್ಲ. ಸುಮ್ನೆ ಬೋರ್ ಕೊರೆಸಿದೆ. ಕೊರೆದ ಲೋಹ ವಾಪಸ್ ಬರಲ್ಲ. ಓವರ್‌ಸೈಜೆಲ್ಲ ಮುಗಿದ ಮೇಲೆ ಸ್ಲೀವ್ (ಒಳಗೆ ಹೊಸ ಕೊಳವೆ) ಹಾಕಿಸೋದೊಂದೇ ದಾರಿ.

ರನ್ನಿಂಗ್-ಇನ್ (ಹೊಸ ಪಿಸ್ಟನ್ ಪಳಗಲು ಮೆಲ್ಲಗೆ ಓಡಿಸೋದು) ಮುಗಿಸಿ ಚಾಮುಂಡಿ ಬೆಟ್ಟ ಹತ್ತಿದೆ. ಹತ್ತುವಾಗ ಹೊಗೆ ಇಲ್ಲ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದು, ಕೆಳಗೆ ಬಂದು ಒತ್ತಿದೆ ನೋಡಿ, ಹಿಂದೆ ಬೈಕಲ್ಲಿ ಬರ್ತಿದ್ದ ಭಾಮೈದ ನೀಲಿ ಹೊಗೆಯಲ್ಲಿ ಕಾಣಲೇ ಇಲ್ಲ. ಆಕ್ಸಿಲರೇಟರ್ ಬಿಟ್ಟಾಗ ಮ್ಯಾನಿಫೋಲ್ಡಿನಲ್ಲಿ (ಎಂಜಿನ್ ಗಾಳಿ ಎಳೆಯುವ ಕೊಳವೆಯಲ್ಲಿ) ವ್ಯಾಕ್ಯೂಮ್ ಜಾಸ್ತಿ ಆಗಿ ಗೈಡಿನಿಂದ ಆಯಿಲ್ ಎಳೆಯುತ್ತೆ, ಒತ್ತಿದಾಗ ಅದು ಉರಿಯುತ್ತೆ. ರಿಂಗ್ ಹೋಗಿದ್ದರೆ ಹೆಚ್ಚಾಗಿ ಏರು ಹತ್ತುವಾಗಲೇ ಬಿಡದೆ ಹೊಗೆ ಬರುತ್ತೆ.

ನೀವೂ ಬೆಟ್ಟ ಹತ್ತಿ ಇಳಿಯಿರಿ, ಹಿಂದೆ ಒಬ್ಬರು ನೋಡ್ತಾ ಬರಲಿ. ಆಮೇಲೆ ಎಂಜಿನ್ ಬಿಸಿ ಇರುವಾಗಲೇ ಎಲ್ಲಾ ಪ್ಲಗ್ ಬಿಚ್ಚಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್ ನೋಡಿಸಿ. ಕಡಿಮೆ ಇದ್ದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿಸಿ. ಚೆನ್ನಾಗಿ ಏರಿದರೆ ರಿಂಗೋ ಬೋರೋ ಸವೆದಿದೆ. ಏರದಿದ್ದರೆ ವಾಲ್ವೋ ಹೆಡ್ ಗ್ಯಾಸ್ಕೆಟ್ಟೋ ಲೀಕ್ ಇದೆ. ಎಲ್ಲಾ ಸಿಲಿಂಡರಲ್ಲೂ ಕಂಪ್ರೆಷನ್ ಸರಿ ಇದ್ದೂ ಹೊಗೆ ಬಂದರೆ ಗೈಡ್ ಮೇಲೆ ಕಣ್ಣಿಡಿ. ಇದಕ್ಕೆಲ್ಲ ಮುಂಚೆ ಬ್ರೀದರ್ ಪೈಪ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಕಟ್ಟಿಕೊಂಡಿದೆಯಾ, ಆಯಿಲ್ ಜಾಸ್ತಿ ತುಂಬಿದ್ದಾರಾ ಅಂತಲೂ ನೋಡಿ. ಎಷ್ಟೋ ಗಾಡಿಗಳ ರೋಗ ಅಲ್ಲೇ ಇರುತ್ತೆ.

ಬೇರೆ ಎಂಜಿನ್ ಮಾತು ಬಿಟ್ಟುಬಿಡಿ. ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾವಣೆ ಅಂತ ಓಡಾಟ ಒಂದು ಕಡೆ. ಅಪ್ಪನ ಗಾಡಿಯ ಸ್ವಂತ ಎಂಜಿನ್ ಹೋದರೆ ಮತ್ತೆ ಸಿಗುತ್ತಾ?

ಗೈಡೇ ಅಂತ ಗೊತ್ತಾದರೆ ಹೆಡ್ ಮಾತ್ರ ಇಳಿಸಿ. ವಾಲ್ವ್ ಕಡ್ಡಿ ಸವೆದಿದ್ದರೆ ವಾಲ್ವೂ ಹೊಸದೇ ಹಾಕಿಸಬೇಕು. ಗೈಡ್ ಕೂರಿಸಿ ರೀಮರ್ ಹೊಡೆದ (ಅದರ ರಂಧ್ರ ಅಳತೆಗೆ ತಂದ) ಮೇಲೆ ಸೀಟ್ ಮತ್ತೆ ಕಟ್ ಮಾಡಿಸಿ, ಹೊಸ ಗೈಡಿನ ಸೆಂಟರ್ ಹಳೇ ಸೀಟಿಗೆ ಕೂಡಿಬರಲ್ಲ. ಆ ಕೆಲಸ ನಡೆಯುವಾಗ ನೀವೇ ಲೇತ್ ಅಂಗಡಿಯಲ್ಲಿ ನಿಂತಿರಿ.