ಎನ್‌ಬಿಎ ಡ್ರಾಫ್ಟ್‌ಗೆ ಬರುತ್ತಿರುವ 19 ವರ್ಷದ ಸೆಂಟರ್‌ನ ಬಲ ಯಾವುದು, ಕೊರತೆ ಯಾವುದು ಅಂತ ತೂಗುವುದು ಹೇಗೆ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ಗೆ ನಿಮ್ಮ ಹುಡುಗ ಬರುತ್ತಿದ್ದಾನೆ, ರಿಂಗ್ ಹತ್ತಿರ ಆಡುವ ಸೆಂಟರ್: ಏಳಡಿ ಒಂದಿಂಚು ಎತ್ತರ, ಪಂದ್ಯಕ್ಕೆ ಮೂರು ಬ್ಲಾಕ್ (ಎದುರಾಳಿ ರಿಂಗ್‌ಗೆ ಎಸೆದ ಚೆಂಡನ್ನು ತಡೆಯುವುದು), ದೂರದಿಂದ ಶೂಟಿಂಗ್ ಇಲ್ಲ. ಎರಡು ಕಾಲಂ ಹಾಕಿಟ್ಟುಕೊಂಡು ಯಾವುದಕ್ಕೆ ಎಷ್ಟು ಅಂಕ ಕೊಡಲಿ ಅಂತ ಕೇಳಿದ್ದೀರಿ. ಓದಿ ನಗು ಬಂತು, ಸ್ವಲ್ಪ ಮುಜುಗರವೂ ಆಯಿತು. ಇದೇ ಎರಡು ಕಾಲಂ ಹಾಕಿ ನಾನು ಒಂದು ಕೆಲಸ ಕಳೆದುಕೊಂಡವನು.

ದಾವಣಗೆರೆಯಲ್ಲಿ ಪಿಯುಸಿ ಓದುವಾಗ ನಾನೇ ಕಾಲೇಜು ತಂಡದ ಸೆಂಟರ್. ಆರಡಿ ಒಂದಿಂಚು, ನಮ್ಮ ತಂಡದಲ್ಲಿ ನಾನೇ ತೆಂಗಿನಮರ. ಕೋಚ್ ಸರ್ ಎರಡು ವರ್ಷ ಹೇಳಿಕೊಟ್ಟಿದ್ದು ಒಂದೇ ಮಾತು: "ನೀನು ಬೋರ್ಡ್ ಕೆಳಗೆ ನಿಂತ್ಕೊಳ್ಳೋ, ಓಡೋದು ಉಳಿದೋರು ನೋಡ್ಕೊಳ್ತಾರೆ." ನಿಂತೆ. ಈ ಮಾತು ಯಾಕೆ ಬಂತು ಅಂತ ಮುಂದೆ ಗೊತ್ತಾಗುತ್ತದೆ.

ಕೆಲಸದ ಮೇಲೆ ಡಲ್ಲಾಸ್ ಹತ್ತಿರ ಬಂದು ನೆಲೆಸಿದೆ. 2015ರ ಜೂನ್‌ನಲ್ಲಿ ಇಲ್ಲಿನ ಮ್ಯಾವರಿಕ್ಸ್ ತಂಡ 52ನೇ ಆಯ್ಕೆಯಾಗಿ ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ ಅವರನ್ನು ತೆಗೆದುಕೊಂಡಿತು. ಭಾರತದಲ್ಲಿ ಹುಟ್ಟಿದ ಆಟಗಾರನೊಬ್ಬ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದದ್ದು ಅದೇ ಮೊದಲು. ನಾವು ಆಫೀಸಿನಲ್ಲಿ ಸ್ವೀಟ್ ಹಂಚಿದೆವು. ಮುಂದೆ ಅವರಿಗೆ ಎನ್‌ಬಿಎ ಲೀಗ್ ಪಂದ್ಯ ಒಂದೂ ಸಿಗಲಿಲ್ಲ, ಅದು ಬೇರೆ ಕಥೆ. ನನಗಂತೂ ಆ ರಾತ್ರಿ ಹಿಡಿದ ಡ್ರಾಫ್ಟ್ ಹುಚ್ಚು ಬಿಡಲಿಲ್ಲ. ಎರಡು ವರ್ಷದಲ್ಲಿ, ಹೊಸ ಆಟಗಾರರನ್ನು ತೂಗಿ ನೋಡುವ ಒಂದು ಚಿಕ್ಕ ಸ್ಕೌಟಿಂಗ್ ಸಂಸ್ಥೆಗೆ ಶನಿವಾರ ಭಾನುವಾರ ವರದಿ ಬರೆದುಕೊಡುವ ಮಟ್ಟಕ್ಕೆ ಬಂದೆ. ಕೊಡುತ್ತಿದ್ದ ದುಡ್ಡು ಪೆಟ್ರೋಲಿಗೂ ಸಾಲುತ್ತಿರಲಿಲ್ಲ. ಆದರೆ ಕೊರಳಿಗೆ ಪಾಸ್ ಹಾಕಿಕೊಂಡು ಕೋರ್ಟ್ ಪಕ್ಕ ಕೂರುವ ಗತ್ತೇ ಬೇರೆ ಅಲ್ವಾ.

ಹೀಗಿರುವಾಗ ಒಬ್ಬ ಹುಡುಗ ಕಣ್ಣಿಗೆ ಬಿದ್ದ. ಹೆಸರು ಬೇಡ. ಚಿಕ್ಕ ಕಾಲೇಜು, ನಿಮ್ಮವನಷ್ಟೇ ಎತ್ತರ, ನಿಮ್ಮವನ ಹಾಗೇ ಬ್ಲಾಕ್. ಆರು ಗಂಟೆ ಕಾರು ಓಡಿಸಿಕೊಂಡು ಹೋಗಿ ಮೂರು ಪಂದ್ಯ ನೋಡಿದೆ. ಬಲ ಎಂಬ ಕಾಲಂ ತುಂಬಿ ತುಳುಕಿತು: ರಿಂಗ್ ಕಾಯುತ್ತಾನೆ, ರೀಬೌಂಡ್ (ಗುರಿ ತಪ್ಪಿ ಮರಳುವ ಚೆಂಡು) ಬಿಡುವುದಿಲ್ಲ, ಕೈ ಉದ್ದ. ಕೊರತೆಯಲ್ಲಿ ಶೂಟಿಂಗ್ ಇಲ್ಲ, ಮೈ ಇನ್ನೂ ತುಂಬಬೇಕು, ಅಷ್ಟೇ. ಮೊದಲ ಸುತ್ತಿನ ಕೊನೆಯಲ್ಲಿ ಹೋಗುತ್ತಾನೆ ಅಂತ ಬರೆದು ಕಳಿಸಿದೆ. ಡ್ರಾಫ್ಟ್ ದಿನ ಎರಡೂ ಸುತ್ತು, 60 ಹೆಸರು ಮುಗಿದವು. ಅವನ ಹೆಸರು ಬರಲಿಲ್ಲ.

ಮಾರನೇ ವಾರ ಸಂಸ್ಥೆಯವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. ಅವನ ಮೇಲೆ ಎಷ್ಟು ಸಲ ಪಿಕ್ ಅಂಡ್ ರೋಲ್ ಆಡಿದರು, ಆವಾಗ ಅವನು ಎಲ್ಲಿ ನಿಂತಿದ್ದ? ನನ್ನ ಹತ್ತಿರ ಉತ್ತರ ಇರಲಿಲ್ಲ. "ನೋಡಿ ಹೇಳ್ತೀನಿ" ಅಂದೆ. ಮತ್ತೆ ಅವರಿಂದ ಕೆಲಸ ಬರಲಿಲ್ಲ.

ನನ್ನ ತಪ್ಪು ಏನು ಅಂದರೆ, ಮೂರು ಪಂದ್ಯವೂ ನಾನು ಚೆಂಡನ್ನು ನೋಡಿದ್ದೆ, ಹುಡುಗನನ್ನು ನೋಡಿರಲಿಲ್ಲ. ಕೇಳಲು ಸಣ್ಣದು ಅನ್ನಿಸುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೋರ್ ಆದರೂ ಓದಿ. ಪಿಕ್ ಅಂಡ್ ರೋಲ್‌ನಲ್ಲಿ ಎದುರಾಳಿ ಸೆಂಟರ್ ಮೇಲೆ ಬಂದು, ಚೆಂಡು ನಡೆಸುವ ತನ್ನ ಗಾರ್ಡ್‌ಗೆ ಸ್ಕ್ರೀನ್ ಹಾಕುತ್ತಾನೆ, ಅಂದರೆ ಮೈ ಅಡ್ಡ ಕೊಟ್ಟು ನಿಲ್ಲುತ್ತಾನೆ. ಗಾರ್ಡ್‌ನನ್ನು ಕಾಯುವವನು ಅದಕ್ಕೆ ಸಿಕ್ಕಿಕೊಳ್ಳುತ್ತಾನೆ. ಮುಂದಿನ ಎರಡು ಸೆಕೆಂಡ್ ನಮ್ಮ ಸೆಂಟರ್ ಒಬ್ಬನೇ ಇಬ್ಬರನ್ನು ಸಂಭಾಳಿಸಬೇಕು: ಚೆಂಡು ಹಿಡಿದು ಬರುವ ಗಾರ್ಡ್, ರಿಂಗ್ ಕಡೆ ಓಡುವ ದೊಡ್ಡಾಳು. ನನ್ನ ಹುಡುಗ ಪ್ರತಿ ಸಲ ಏನು ಮಾಡುತ್ತಿದ್ದ ಗೊತ್ತಾ? ನೇರ ಹಿಂದೆ ಓಡಿ ರಿಂಗ್ ಕೆಳಗೆ ನಿಲ್ಲುತ್ತಿದ್ದ. ಗಾರ್ಡ್ ಫ್ರೀ ಥ್ರೋ ಗೆರೆ ಹತ್ತಿರ ಆರಾಮಾಗಿ ನಿಂತು ಹೊಡೆಯುತ್ತಿದ್ದ. ಚೆಂಡು ಒಳಗೆ ಹೋದರೆ ನಾನು ಬರೆದುಕೊಂಡಿದ್ದು "ಗಾರ್ಡ್ ಇವತ್ತು ಫಾರ್ಮ್‌ನಲ್ಲಿದ್ದಾನೆ" ಅಂತ. ಹೊರಗೆ ಹೋದರೆ ರೀಬೌಂಡ್ ನಮ್ಮ ಹುಡುಗನಿಗೇ, ಯಾಕಂದರೆ ಅವನು ಅಲ್ಲೇ ಇದ್ದ! ಅದನ್ನು "ರೀಬೌಂಡ್ ಬಿಡುವುದಿಲ್ಲ" ಅಂತ ಬರೆದುಕೊಂಡೆ. ಒಂದೇ ದೋಷ, ನನ್ನ ಪಟ್ಟಿಯಲ್ಲಿ ಬಲ ಅಂತ ವೇಷ ಹಾಕಿಕೊಂಡು ಕೂತಿತ್ತು. ಆಮೇಲೆ ವಿಡಿಯೋ ಹಾಕಿಕೊಂಡು ಎಣಿಸಿದೆ. ಮೂರು ಪಂದ್ಯದಲ್ಲಿ 61 ಸಲ ಅವನ ಮೇಲೆ ಈ ಆಟ ಆಡಿದ್ದರು, 44 ಸಲ ಅವನ ಹಿಮ್ಮಡಿ ರಿಂಗ್ ಕೆಳಗೇ ಇತ್ತು. ದಾವಣಗೆರೆಯಲ್ಲಿ ನಾನು ನಿಂತಿದ್ದ ಜಾಗ ಅದು. ತಪ್ಪು ಅಂತ ನನಗೆ ಹೊಳೆಯುವುದಾದರೂ ಹೇಗೆ.

ಇದಕ್ಕೆ ಕಾಲೇಜಿನ ನಿಯಮವೂ ನೆರವಾಗಿತ್ತು. ಅಲ್ಲಿ ಡಿಫೆನ್ಸ್ ಮಾಡುವವನು ಪೇಂಟ್‌ನಲ್ಲಿ, ಅಂದರೆ ರಿಂಗ್ ಮುಂದಿನ ಬಣ್ಣದ ಜಾಗದಲ್ಲಿ, ಎಷ್ಟು ಹೊತ್ತು ಬೇಕಾದರೂ ಬಿಡಾರ ಹೂಡಬಹುದು. ಎನ್‌ಬಿಎಯಲ್ಲಿ 2001-02ರ ಸೀಸನ್‌ನಿಂದ ಆಗುವುದಿಲ್ಲ. ಯಾರನ್ನೂ ಕೈಯಳತೆಯಲ್ಲಿ ಕಾಯದೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಂತರೆ ಎದುರಾಳಿಗೆ ಯಾರೂ ಅಡ್ಡ ಬರದೆ ಎಸೆಯುವ ಒಂದು ಫ್ರೀ ಥ್ರೋ, ಚೆಂಡೂ ಅವರಿಗೇ. ಪೇಂಟ್ ಕೂಡ ಕಾಲೇಜಿನಲ್ಲಿ 12 ಅಡಿ ಅಗಲ, ಎನ್‌ಬಿಎಯಲ್ಲಿ 16 ಅಡಿ. ಹಾಗಾಗಿ ಪಂದ್ಯಕ್ಕೆ ಮೂರು ಬ್ಲಾಕ್ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಅದರಲ್ಲಿ ಎಷ್ಟು ಓಡಿ ಬಂದು ಮಾಡಿದ್ದು, ಎಷ್ಟು ನಿಂತಲ್ಲೇ ಕೈ ಎತ್ತಿದ್ದು?

2009ರಲ್ಲಿ ಮೆಂಫಿಸ್ ತಂಡ ಹಶೀಮ್ ಥಬೀಟ್‌ ಎಂಬ ಸೆಂಟರ್‌ನನ್ನು ಎರಡನೇ ಆಯ್ಕೆಯಾಗಿ ತೆಗೆದುಕೊಂಡಿತು. ಏಳಡಿ ಮೂರಿಂಚು, ಕನೆಕ್ಟಿಕಟ್ ಕಾಲೇಜು ತಂಡದಲ್ಲಿ ಪಂದ್ಯಕ್ಕೆ ನಾಲ್ಕಕ್ಕೂ ಹೆಚ್ಚು ಬ್ಲಾಕ್. ಅವನ ಹಿಂದೆಯೇ ಮೂರನೆಯವನಾಗಿ ಜೇಮ್ಸ್ ಹಾರ್ಡನ್, ಏಳನೆಯವನಾಗಿ ಸ್ಟೆಫ್ ಕರಿ ಹೋದರು. ಥಬೀಟ್ ಎನ್‌ಬಿಎಯಲ್ಲಿ ನೆಲೆ ನಿಲ್ಲಲಿಲ್ಲ. ಅಷ್ಟು ಅನುಭವಸ್ಥರೇ ಹೀಗೆ ಎಡವುತ್ತಾರೆ, ನಾನ್ಯಾವ ಲೆಕ್ಕ.

ಹಾಗಂತ ಹಿಂದೆ ಸರಿಯುವುದೇ ತಪ್ಪು ಅಂತಲ್ಲ. ಎನ್‌ಬಿಎ ಸೆಂಟರ್ ರೂಡಿ ಗೊಬೇರ್ ವೃತ್ತಿಜೀವನವಿಡೀ ಹಿಂದೆ ಸರಿದೇ ಕಾದವನು, ವರ್ಷದ ಶ್ರೇಷ್ಠ ಡಿಫೆಂಡರ್ ಪ್ರಶಸ್ತಿ ನಾಲ್ಕು ಸಲ ಗೆದ್ದ. ಅವನು ಗಾರ್ಡ್‌ಗೂ ಆಸೆ ತೋರಿಸಿ, ಹಿಂದೆ ಓಡುವವನ ದಾರಿಯನ್ನೂ ಮುಚ್ಚಿ, ಇಬ್ಬರ ನಡುವೆ ತೂಗಾಡುತ್ತಾನೆ. ಎಲ್ಲಿ ನಿಲ್ಲುತ್ತಾನೆ, ಮತ್ತೆ ಅಲ್ಲಿಂದ ಎಷ್ಟು ಬೇಗ ಸೊಂಟ ತಿರುಗಿಸುತ್ತಾನೆ, ಅದನ್ನು ನೋಡಿ. ಅವನನ್ನು 2013ರಲ್ಲಿ 27ನೇ ಆಯ್ಕೆಯವರೆಗೆ ಎಲ್ಲರೂ ಬಿಟ್ಟಿದ್ದರು. ಡ್ರಾಫ್ಟ್‌ಗೆ ಮುಂಚೆ ಆಟಗಾರರನ್ನು ಅಳೆದು ನೋಡುವ ಶಿಕಾಗೋದ ಕಂಬೈನ್‌ನಲ್ಲಿ ನಿಂತು ಕೈ ಮೇಲೆತ್ತಿದಾಗ 9 ಅಡಿ 7 ಇಂಚು ಮುಟ್ಟಿದ್ದ, ರಿಂಗ್ ಇರುವುದೇ 10 ಅಡಿಗೆ. ತಲೆಯ ಎತ್ತರ ಬಿಡಿ, ಆ ಅಳತೆ ಸಿಕ್ಕರೆ ಅದನ್ನು ಬರೆದುಕೊಳ್ಳಿ.

ಇನ್ನು ನೀವು ಕೊರತೆಯಲ್ಲಿ ಮೊದಲಿಗೇ "ಶೂಟಿಂಗ್ ಇಲ್ಲ" ಅಂತ ಬರೆದಿದ್ದೀರಿ. ನಾನಾದರೆ ಕೊನೆಗೆ ಬರೆಯುತ್ತೇನೆ. ಸೆಂಟರ್ ಬ್ರೂಕ್ ಲೋಪೆಜ್ ಮೊದಲ ಎಂಟು ಸೀಸನ್‌ನಲ್ಲಿ ಒಟ್ಟು ಹಾಕಿದ್ದು ಮೂರೇ ಮೂರು ತ್ರೀ ಪಾಯಿಂಟರ್ (ದೂರದಿಂದ ಎಸೆದು ಮೂರು ಅಂಕ), ಒಂಬತ್ತನೇ ಸೀಸನ್ ಒಂದರಲ್ಲೇ ನೂರು ದಾಟಿಸಿದ. ಅವನ ಫ್ರೀ ಥ್ರೋ ಮೊದಲಿನಿಂದಲೂ ಚೆನ್ನಾಗಿತ್ತು, ಸುಳಿವು ಇದ್ದದ್ದು ಅಲ್ಲಿ. ನಿಮ್ಮ ಹುಡುಗನ ಫ್ರೀ ಥ್ರೋ ಎಷ್ಟು ಅಂತ ನೀವು ಬರೆದೇ ಇಲ್ಲ. ಫೌಲ್ ಎಷ್ಟು ಅಂತಲೂ ಇಲ್ಲ. ಕಾಲೇಜಿನಲ್ಲಿ 40 ನಿಮಿಷಕ್ಕೆ ಐದು ಫೌಲ್ ಆದರೆ ಹೊರಗೆ. 20 ನಿಮಿಷದಲ್ಲೇ ನಾಲ್ಕು ಮಾಡುವವನಾದರೆ ಅವನ ಕಾಲು ತಡವಾಗುತ್ತಿದೆ, ಕೈ ಹೋಗಿ ಅದನ್ನು ಮುಚ್ಚಿಹಾಕುತ್ತಿದೆ ಅಂತ ಅರ್ಥ.

ನಿಜ ಹೇಳಬೇಕಂದರೆ ಆ ಎರಡು ಕಾಲಂ ಹಾಳೆಯನ್ನೇ ಹರಿದುಹಾಕಿ. ಸೆಂಟರ್ ನಿಕೋಲಾ ಯೋಕಿಚ್‌ನನ್ನು ಆ ಹಾಳೆ ಮೇಲೆ ಬರೆದಿದ್ದರೆ ಎಗರಲ್ಲ, ಓಡಲ್ಲ, ಮೈ ಮೆತ್ತಗೆ ಅಂತ ಕೊರತೆಯ ಕಡೆಯೇ ತುಂಬುತ್ತಿತ್ತು. 2014ರಲ್ಲಿ 41ನೆಯವನಾಗಿ ಹೋದ, ಆಮೇಲೆ ಸೀಸನ್ನಿನ ಶ್ರೇಷ್ಠ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ ಮೂರು ಸಲ ಗೆದ್ದ. ಅವನ ಪಾಸ್ ಒಂದು ಉಳಿದ ಸಾಲುಗಳನ್ನೆಲ್ಲ ನುಂಗಿತು. ಅಂಕ ಕೊಟ್ಟು ಕೂಡಿ ಕಳೆದರೆ ಅದು ಸಿಗುವುದಿಲ್ಲ.

ಈ ವಾರ ಹೀಗೆ ಮಾಡಿ. ಹೈಲೈಟ್ಸ್ ಬೇಡ, ಪೂರ್ತಿ ಪಂದ್ಯದ ವಿಡಿಯೋ ಎರಡು ಹುಡುಕಿ, ಅದರಲ್ಲಿ ಒಂದು ಅವರು ಸೋತ ಪಂದ್ಯ ಇರಲಿ, ಎದುರು ತಂಡದಲ್ಲಿ ಒಳ್ಳೆಯ ಗಾರ್ಡ್ ಇರಲಿ. ಚೆಂಡು ಎಲ್ಲಿದೆ ಅಂತ ನೋಡಬೇಡಿ. ಕಷ್ಟ, ಕಣ್ಣು ತಾನಾಗಿ ಅತ್ತ ಜಾರುತ್ತದೆ, ಮೊದಲ ಹತ್ತು ನಿಮಿಷ ತಲೆ ಚಿಟ್ಟು ಹಿಡಿಯುತ್ತದೆ. ಅವನ ಕಾಲು ಮಾತ್ರ ನೋಡಿ. ಪ್ರತಿ ಪಿಕ್ ಅಂಡ್ ರೋಲ್‌ಗೆ ಒಂದು ಗೀಟು ಹಾಕಿ, ಹಿಮ್ಮಡಿ ರಿಂಗ್ ಕೆಳಗೆ ಹೋದರೆ ಅದನ್ನು ಅಡ್ಡ ಹೊಡೆಯಿರಿ. ಎಷ್ಟಾಯಿತು ಅಂತ ಬಂದು ಹೇಳಿ.