ಹಳೇ ಸೀರೆಯ ಕೌದಿಗೆ ಗುರುತು ಯಾವುದರಿಂದ ಹಾಕಬೇಕು, ಬಣ್ಣ ಹೇಗೆ ಜೋಡಿಸಬೇಕು?

ಹಾಸನದಿಂದ ಕೇಳಿದ್ದೀರಿ. ಅಮ್ಮನ ಹಳೇ ಕಾಟನ್ ಸೀರೆಗಳನ್ನು ಚೌಕ ಚೌಕ ಕತ್ತರಿಸಿ ಕೌದಿ ಹೊಲಿಯಬೇಕು ಅಂತಿದ್ದೀರಿ. ಬಾಲ್ ಪೆನ್ನಿನ ಗೆರೆ ಹೋಗುತ್ತಿಲ್ಲ, ತುಂಡುಗಳನ್ನು ಜೋಡಿಸಿಟ್ಟರೆ ಎಲ್ಲ ಕಲಸುಮೇಲೋಗರವಾಗಿ ಕಾಣುತ್ತದೆ ಅನ್ನುವುದು ನಿಮ್ಮ ಕಷ್ಟ. ನಾನಿರುವುದು ಚಿಕ್ಕಮಗಳೂರಿನಲ್ಲಿ. ಇಂಥ ಕೌದಿ ಹೊಲಿಯುವುದು ನನಗೆ ತುಂಬಾ ಇಷ್ಟದ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಾಲ್ ಪೆನ್ ಬಿಟ್ಟುಬಿಡಿ. ಅದರ ಶಾಯಿ ಒಗೆದಾಗ ಹರಡುತ್ತದೆ, ತಿಳಿ ಬಣ್ಣದ ಬಟ್ಟೆಯಲ್ಲಿ ಮುಂಭಾಗಕ್ಕೂ ಇಳಿಯುತ್ತದೆ. ತಿಳಿ ಬಟ್ಟೆಗೆ ಚೂಪಾಗಿ ಕೆತ್ತಿದ ಗಟ್ಟಿ ಪೆನ್ಸಿಲ್, ಕಡು ಬಟ್ಟೆಗೆ ಬಿಳಿ ಟೈಲರ್ ಚಾಕ್. ನನಗಂತೂ ಇವೆರಡೇ ಸಾಕು. ಚಾಕ್ ಇಲ್ಲದಿದ್ದರೆ ಮೈಸೋಪು ಸವೆದು ಉಳಿದ ತೆಳು ಚೂರನ್ನು ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಿ. ಕಡುನೀಲಿ, ಕಪ್ಪು ಬಟ್ಟೆಯ ಮೇಲೆ ಅದರ ಗೆರೆ ಸಣ್ಣದಾಗಿ ಬೀಳುತ್ತದೆ, ಒಗೆದರೆ ಹೋಗುತ್ತದೆ.

ಅಂಗಡಿಯಲ್ಲಿ ಅಳಿಸಿಹೋಗುವ ಪೆನ್ನುಗಳೂ ಸಿಗುತ್ತವೆ. ನೀರಿಗೆ ಹೋಗುವ ನೀಲಿ ಪೆನ್ ಒಳ್ಳೆಯದೇ, ಆದರೆ ಗೆರೆ ಇರುವಾಗಲೇ ಇಸ್ತ್ರಿ ಹಾಕಿದರೆ ಕಲೆ ಕೂತುಬಿಡುತ್ತದೆ. ಮೊದಲು ತಣ್ಣೀರು, ಆಮೇಲೆ ಇಸ್ತ್ರಿ. ನೇರಳೆ ಬಣ್ಣದ್ದು ಗಾಳಿಗೆ ತಾನಾಗಿಯೇ ಮಾಯವಾಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಇರುತ್ತದಲ್ವಾ, ಆಗ ಇನ್ನೂ ಬೇಗ ಹೋಗುತ್ತದೆ. ಅವತ್ತು ಹೊಲಿಯುವಷ್ಟಕ್ಕೆ ಮಾತ್ರ ಗುರುತು ಹಾಕಿ. ಇಸ್ತ್ರಿ ಬಿಸಿಗೆ ಅಳಿಸುವ ಪೆನ್ ಕಡು ಬಟ್ಟೆಯಲ್ಲಿ ಕೆಲವೊಮ್ಮೆ ಬಿಳಿ ಗೆರೆ ಉಳಿಸುತ್ತದೆ. ಯಾವುದೇ ಇರಲಿ, ಅದೇ ಸೀರೆಯ ಒಂದು ಚೂರಿನ ಮೇಲೆ ಗೆರೆ ಎಳೆದು, ಒಗೆದು, ಒಣಗಿಸಿ ನೋಡದೆ ಮುಂದೆ ಹೋಗಬೇಡಿ.

ಗುರುತು ಬಟ್ಟೆಯ ಉಲ್ಟಾ ಬದಿಗೆ ಹಾಕಿ. ಗೆರೆ ಎಷ್ಟು ಸಣ್ಣಗಿದ್ದರೆ ಅಷ್ಟು ಒಳ್ಳೆಯದು, ಇದನ್ನು ತುಂಬಾ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊಲಿದ ಮೇಲೆ 4 ಇಂಚಿನ ಚೌಕ ಬೇಕು ಅಂದರೆ ನಾಲ್ಕೂ ಕಡೆ ಕಾಲಿಂಚು ಹೊಲಿಗೆಗೆ ಬಿಟ್ಟು 4.5 ಇಂಚಿಗೆ ಕತ್ತರಿಸಬೇಕು. ಒಂದು ಸಾಲಿಗೆ 15 ಚೌಕ ಅಂದುಕೊಳ್ಳಿ, 14 ಹೊಲಿಗೆ ಬರುತ್ತದೆ. ದಪ್ಪ ಗೆರೆಯಿಂದ ಹೊಲಿಗೆಯ ಎರಡೂ ಕಡೆ ಒಂದೊಂದೇ ಮಿಲಿಮೀಟರ್ ಹೆಚ್ಚುಕಮ್ಮಿಯಾದರೂ ಸಾಲಿನ ಕೊನೆಗೆ 28 ಮಿಲಿಮೀಟರ್, ಅಂದರೆ ಒಂದು ಇಂಚಿಗಿಂತ ಜಾಸ್ತಿ ವ್ಯತ್ಯಾಸ! ಆಮೇಲೆ ಮೂಲೆಗೆ ಮೂಲೆ ಕೂರುವುದೇ ಇಲ್ಲ. ಬಟ್ಟೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವ ಚೌಕದ ಅಚ್ಚಿಗೆ ರಟ್ಟಿಗಿಂತ ಹಳೇ ಎಕ್ಸ್‌ರೇ ಹಾಳೆ ಒಳ್ಳೆಯದು, ಅಂಚು ಬೇಗ ಸವೆಯುವುದಿಲ್ಲ. ಸೀರೆ ಬಟ್ಟೆ ಜಾರುತ್ತದೆ, ಅದರ ಕೆಳಗೆ ನುಣುಪಾದ ಸ್ಯಾಂಡ್ ಪೇಪರ್ ಇಟ್ಟು ಗೆರೆ ಎಳೆಯಿರಿ. ಅಚ್ಚನ್ನು ಬಟ್ಟೆಯ ಎಳೆಗೆ ನೇರವಾಗಿ ಇಡಿ. ಓರೆಯಾಗಿ ಕತ್ತರಿಸಿದ ಚೌಕ ಹೊಲಿಯುವಾಗ ಜಗ್ಗುತ್ತದೆ. ಕತ್ತರಿಸುವ ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಸವೆದು ಜಾಳಾದ ಭಾಗ ಬೇಡ.

ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಮಾಡುವ ಕೌದಿ ನೋಡಿದ್ದೀರಾ? ಅಳತೆಯೂ ಇಲ್ಲ, ಅಚ್ಚೂ ಇಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಕೈಗೆ ಸಿಕ್ಕ ತುಂಡನ್ನು ಮಡಚಿ ಸಾದಾ ಹೊಲಿಗೆ ಹಾಕುತ್ತಾ ಸುತ್ತು ಸುತ್ತಾಗಿ ಮಧ್ಯಕ್ಕೆ ಬರುತ್ತಾರೆ. ಎಷ್ಟು ಚೆಂದ ಇರುತ್ತದೆ! ನಿಮಗೆ ಚೌಕಗಳೇ ಬೇಕಿರುವುದರಿಂದ ಅಳತೆ ಬಿಡುವಂತಿಲ್ಲ, ಅಷ್ಟೇ.

ಇನ್ನು ಬಣ್ಣ. ನಿಮ್ಮ ತೊಂದರೆ ಬಣ್ಣ ಜಾಸ್ತಿ ಆಗಿರುವುದಲ್ಲ, ತಿಳಿ ಯಾವುದು ಕಡು ಯಾವುದು ಅಂತ ಬೇರೆ ಮಾಡದಿರುವುದು ಅನಿಸುತ್ತದೆ. ಕೆಂಪು, ಹಸಿರು ಅಂತ ನೋಡಬೇಡಿ. ತಿಳಿ, ನಡುವೆ, ಕಡು ಅಂತ ಮೂರು ಗುಡ್ಡೆ ಮಾಡಿ. ಅನುಮಾನ ಬಂದರೆ ಫೋನಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಕಣ್ಣಿಗೆ ಬೇರೆ ಬೇರೆ ಕಾಣುವ ಮರೂನ್ ಮತ್ತು ಬಾಟಲ್ ಗ್ರೀನ್ ಎರಡೂ ಹೆಚ್ಚುಕಡಿಮೆ ಒಂದೇ ಬೂದಾಗಿಬಿಡುತ್ತವೆ. ಅವನ್ನು ಅಕ್ಕಪಕ್ಕ ಇಟ್ಟರೆ ದೂರದಿಂದ ಚೌಕವೇ ಕಾಣುವುದಿಲ್ಲ. ಅದೇ ಮರೂನಿನ ಪಕ್ಕ ಕೆನೆ ಬಣ್ಣದ ಚೌಕ ಇಡಿ, ಎರಡೂ ಎದ್ದು ಕಾಣುತ್ತವೆ. ಒಂದು ತಿಳಿ, ಒಂದು ಕಡು ಅಂತ ಬರುತ್ತಿದ್ದರೆ ಎಷ್ಟು ಬಣ್ಣ ಇದ್ದರೂ ಕಣ್ಣಿಗೆ ಗೊಂದಲ ಆಗುವುದಿಲ್ಲ.

ಗಿಳಿಹಸಿರು, ಅರಿಶಿನ ಹಳದಿ ಥರದ ಜೋರು ಬಣ್ಣ ಕಡಿಮೆ ಇರಲಿ, ಒಂದೇ ಕಡೆ ಗುಂಪಾಗದೆ ಅಲ್ಲಲ್ಲಿ ಬರಲಿ. ಹೂವಿನ ಸೀರೆಯ ತುಂಡಿನ ಪಕ್ಕ ಸಾದಾ ತುಂಡು ಇಡಿ. ಸೀರೆಯ ಬಾರ್ಡರನ್ನು ಚೌಕಕ್ಕೆ ಕತ್ತರಿಸಬೇಡಿ, ಉದ್ದಕ್ಕೆ ತೆಗೆದಿಟ್ಟರೆ ಸುತ್ತಲಿನ ಅಂಚಿಗೆ ಬರುತ್ತದೆ. ಅಮ್ಮನ ಸೀರೆ ಅಂತ ನೋಡಿದ ಕೂಡಲೇ ಗೊತ್ತಾಗುವುದು ಅದರಲ್ಲೇ ಅಲ್ವಾ?

ತುಂಡುಗಳನ್ನೆಲ್ಲ ಮಂಚದ ಮೇಲೆ ಹಾಸಿ ಹಗಲು ಬೆಳಕಿನಲ್ಲೇ ನೋಡಿ. ಟ್ಯೂಬ್‌ಲೈಟಿನಲ್ಲಿ ಬಣ್ಣ ಬೇರೆಯೇ ಕಾಣುತ್ತದೆ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡಿದರೆ ಯಾವ ತುಂಡು ಬದಲಾಯಿಸಬೇಕು ಅಂತ ಥಟ್ಟನೆ ಗೊತ್ತಾಗುತ್ತದೆ.

ಬಣ್ಣ ಸಾಲದೆ ಹೊಸ ಕಟ್ ಪೀಸ್ ತಂದರೆ ಮೊದಲು ಒಗೆಯಿರಿ. ಹಳೇ ಸೀರೆ ಕುಗ್ಗಿ ಮುಗಿದಿರುತ್ತದೆ, ಹೊಸದು ಈಗ ಕುಗ್ಗಿದರೆ ಕೌದಿ ಸುಕ್ಕಾಗುತ್ತದೆ. ಕೆಂಪು, ಕಪ್ಪು, ಕಡುನೀಲಿಯನ್ನು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ. ಬಣ್ಣ ಅಂಟಿದರೆ ನೀರು ತಿಳಿಯಾಗುವವರೆಗೂ ಒಗೆಯಬೇಕು. ಉಪ್ಪು, ವಿನೆಗರ್ ಹಾಕಿದರೆ ಕಾಟನ್ನಿನ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಂಬಬೇಡಿ. ಆಮೇಲೂ ಬಿಡುತ್ತಿದ್ದರೆ ಆ ಬಟ್ಟೆಯನ್ನೇ ಕೈಬಿಡಿ.

ಹೊಲಿದ ಮೇಲೆ ಒಳಗಿನ ಅಂಚುಗಳನ್ನು ಕಡು ಬಟ್ಟೆಯ ಕಡೆಗೆ ಮಡಚಿ ಇಸ್ತ್ರಿ ಮಾಡಿ. ಹಳೇ ಸೀರೆ ತೆಳು, ತಿಳಿ ಬಣ್ಣದ ಕಡೆ ಮಡಚಿದರೆ ಕಡು ಅಂಚು ಮೇಲಿನಿಂದಲೇ ಕಾಣುತ್ತದೆ.